ಬದುಕಿಸಿದ ತಪ್ಪಿಗೆ ಒಂದು ನೋಟಿಸು

ಜಿಲ್ಲೆಯ ಪ್ರವಾಸೋದ್ಯಮವನ್ನು ಹೆಗಲ ಮೇಲೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮುಳುಗುತ್ತಿದ್ದ ನನ್ನನ್ನೂ ನನ್ನ ಅಕ್ಕನನ್ನೂ ಬದುಕಿಸಿದ ತಪ್ಪಿಗೆ ತಮ್ಮ ಕಚೇರಿ ನಮ್ಮೂರಿನ ದೋಣಿಯವನಿಗೆ ನೋಟಿಸು ಕೊಟ್ಟಿದೆ, ಅವನ ದೋಣಿಯನ್ನು ಜಪ್ತಿ ಮಾಡಿದೆ. ನಾವಿಬ್ಬರೂ ತೆಪ್ಪಗೆ ಮುಳುಗಿಬಿಟ್ಟಿದ್ದರೆ ಯಾವ ನಿಯಮಕ್ಕೂ ಭಂಗ ಬರುತ್ತಿರಲಿಲ್ಲವೆಂಬುದು ಆ ನೋಟಿಸನ್ನು ಮೂರು ಸಲ ಓದಿದ ಮೇಲೆ ನನಗೆ ಅರ್ಥವಾಯಿತು.

ನನ್ನ ಅಕ್ಕ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಊರಾಚೆಯ ಕೆರೆಗೆ ಒಂದು ದಿನದ ಪ್ರವಾಸ ಹೋಗುತ್ತಿದ್ದಳು. ಅವರನ್ನು ಕೆರೆ ಸುತ್ತಿಸುತ್ತಿದ್ದವನು ಇದೇ ದೋಣಿಯವನು. ಹುಟ್ಟು ಕೆಳಗಿಟ್ಟು ಕೂತದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಊರಿಗೆಲ್ಲ ಅವನು ಹುಟ್ಟಣ್ಣ. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಚಪ್ಪಲಿಯೂ ನೀರುಪಾಲಾಗಲಿಲ್ಲ. ಆಗಿನ್ನೂ ತಮ್ಮ ಇಲಾಖೆ ನಮ್ಮ ಕೆರೆಯತ್ತ ತಲೆಹಾಕಿರಲಿಲ್ಲ. ಅದೂ ಒಂದು ಕಾರಣವಿರಬಹುದು.

ಕಳೆದ ವರ್ಷ ತಮ್ಮ ಕೃಪಾದೃಷ್ಟಿ ಬಿತ್ತು. ದಡದ ಮರಗಳನ್ನು ಕಡಿಸಿ, ಆ ಜಾಗದಲ್ಲಿ ‘ಪ್ರಕೃತಿಯನ್ನು ಪ್ರೀತಿಸಿ’ ಎಂಬ ಫಲಕ ನೆಡಿಸಿದಿರಿ. ಪೆಡಲು ತುಳಿದು ಓಡಿಸುವ ನಾಲ್ಕು ಪ್ಲಾಸ್ಟಿಕ್ ಹಂಸಗಳನ್ನು ತರಿಸಿದಿರಿ. ಹುಟ್ಟಣ್ಣನ ಮರದ ದೋಣಿ ಕೆರೆಯ ಸೌಂದರ್ಯಕ್ಕೆ ಒಪ್ಪುವುದಿಲ್ಲವೆಂದು ಸರಪಳಿ ಬಿಗಿಸಿ, ಬೀಗಕ್ಕೆ ಸೀಲು ಹಾಕಿಸಿದಿರಿ. ಕೆರೆಯಲ್ಲಿ ದೋಣಿ ಚೆನ್ನಾಗಿ ಕಾಣಬೇಕೋ, ತೇಲಬೇಕೋ ಎಂದು ಯಾರನ್ನಾದರೂ ಕೇಳಿದಿರಾ?

ಅಕ್ಕ ಕಾಲು ಮುರಿದುಕೊಂಡು ಹನ್ನೊಂದು ತಿಂಗಳು ಮನೆಯೊಳಗೇ ಇದ್ದಳು. ಒಂದು ಭಾನುವಾರ, “ಸೂರು ನೋಡಿ ನೋಡಿ ಸಾಕಾಗಿದೆ ಕಣೇ, ಒಂದ್ಸಲ ಕೆರೆ ತೋರಿಸ್ಕೊಂಡು ಬಾ” ಎಂದಳು. ನಾನು ಹೊಲಿಗೆ ಅಂಗಡಿಯ ಬಾಗಿಲೆಳೆದು, ಅವಳನ್ನು ಆಟೋದಲ್ಲಿ ಕರೆದೊಯ್ದೆ. ಟಿಕೆಟ್ ಕೊಡುವವನನ್ನು ಲೈಫ್ ಜಾಕೆಟ್ ಕೇಳಿದರೆ ಗಾಜಿನ ಬೀರು ತೋರಿಸಿದ. ಒಳಗೆ ಹೊಸ ಜಾಕೆಟ್‌ಗಳು ಮಡಿಕೆ ಮುರಿಯದೆ ಕೂತಿದ್ದವು. ಬೀಗದ ಕೈ ತಮ್ಮ ಕಚೇರಿಯಲ್ಲಿದೆಯಂತೆ. ಕಚೇರಿಗೆ ಭಾನುವಾರ ರಜೆಯಂತೆ. ಜನ ಪ್ರವಾಸ ಹೊರಡುವ ದಿನವೇ ಬಾಗಿಲು ಹಾಕಿಕೊಳ್ಳುವ ಪ್ರವಾಸೋದ್ಯಮ ಇಲಾಖೆಯ ಬುದ್ಧಿವಂತಿಕೆಗೆ ಏನೆನ್ನಲಿ? ತಪ್ಪು ನನ್ನದೂ ಇದೆ. ಅಲ್ಲಿಂದಲೇ ತಿರುಗಿ ಬರಬೇಕಿತ್ತು. ನೀರು ಕಂಡು ಅರಳಿದ ಅಕ್ಕನ ಮುಖ ನೋಡಿ ಮನಸ್ಸಾಗಲಿಲ್ಲ. ಜಾಕೆಟ್ ಇಲ್ಲದೆಯೇ ಒಂದು ಹಂಸ ಹತ್ತಿದೆವು, ಪೆಡಲು ನಾನು ತುಳಿದೆ.

ಕೆರೆಯ ನಡುವೆ ಪೆಡಲಿನ ಚೈನು ಕಳಚಿತು. ಹಂಸದ ತಳದ ಬಿರುಕಿಗೆ ಯಾರೋ ಟೇಪು ಅಂಟಿಸಿದ್ದರು. ಅದು ಬಿಟ್ಟುಕೊಂಡು ನೀರು ನುಗ್ಗಿತು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ನನಗೆ ಈಜು ಬರದು. ಅಕ್ಕನಿಗೆ ಬರುತ್ತದೆ, ಕಾಲಿಗೆ ಬಲವಿಲ್ಲ. ಅವಳು ನನ್ನ ಕೈ ಹಿಡಿದು, “ನಾನು ಕರೆದದ್ದೇ ತಪ್ಪಾಯ್ತು ಕಣೇ” ಎಂದಳು. ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ. ಕ್ಷಮೆ ಕೇಳಬೇಕಾದವರು ಆ ಹೊತ್ತಿಗೆ ಊಟ ಮುಗಿಸಿ ಯಾವ ಫ್ಯಾನಿನ ಕೆಳಗೆ ಮಲಗಿದ್ದರೋ.

ದಡದಲ್ಲಿದ್ದ ಹುಟ್ಟಣ್ಣ ಯಾರ ಅಪ್ಪಣೆಗೂ ಕಾಯಲಿಲ್ಲ. ಕಲ್ಲೆತ್ತಿ ಬೀಗ ಜಜ್ಜಿ, ದೋಣಿ ಬಿಟ್ಟುಕೊಂಡು ಬಂದ. ನಮ್ಮ ಹಂಸ ಆಗಲೇ ಒಂದು ಮಗ್ಗುಲಿಗೆ ವಾಲಿತ್ತು.

“ಟೀಚರೇ, ನನ್ನ ಹೆಗಲು ಹಿಡ್ಕೊಳ್ಳಿ. ನೀರು ನೋಡ್ಬೇಡಿ” ಎಂದ.

“ನೀರು ನೋಡೋಕೇ ಬಂದಿದ್ದು ಕಣಪ್ಪ” ಎಂದಳು ಅಕ್ಕ, ಹಲ್ಲು ಕಟಕಟ ಎನ್ನುತ್ತಿದ್ದರೂ.

ನಾವು ದಡ ಮುಟ್ಟಿದೆವು. ನಾಲ್ಕನೇ ದಿನ ಹುಟ್ಟಣ್ಣನಿಗೆ ನೋಟಿಸು ಮುಟ್ಟಿತು. ಸರ್ಕಾರಿ ಸೀಲು ಒಡೆದದ್ದು ಅಪರಾಧವಂತೆ, ಪರವಾನಗಿ ಇಲ್ಲದೆ ದೋಣಿ ನಡೆಸಿದ್ದು ಅಪರಾಧವಂತೆ, ಎಲ್ಲಕ್ಕಿಂತ ಮಿಗಿಲಾಗಿ, ಪ್ರವಾಸಿಗರನ್ನು ಲೈಫ್ ಜಾಕೆಟ್ ಇಲ್ಲದೆ ಸಾಗಿಸಿದ್ದು ಅಪರಾಧವಂತೆ. ಈ ಕೊನೆಯ ಸಾಲನ್ನು ಬರೆಯುವಾಗ ಆ ಗಾಜಿನ ಬೀರು ನೆನಪಾಗಲಿಲ್ಲವೇ ಸ್ವಾಮಿ? ನಾಚಿಕೆಯೂ ತಮ್ಮ ಕಚೇರಿಯಲ್ಲಿ ಮಂಜೂರಾಗಿಯೇ ಬರಬೇಕೋ?

ವಿಚಾರಣೆಯ ದಿನ ಅಕ್ಕ ಕೋಲೂರಿಕೊಂಡು ತಮ್ಮ ಮೂರು ಮಹಡಿ ಹತ್ತಿದಳು. ತಾವು ಜಲಕ್ರೀಡೆಯ ಅಧ್ಯಯನಕ್ಕೆ ಹೊರದೇಶಕ್ಕೆ ಹೋಗಿದ್ದಿರಿ. ಗುಮಾಸ್ತ ಅವಳ ಹೇಳಿಕೆ ಬರೆದುಕೊಳ್ಳಲಿಲ್ಲ. ಪ್ರಾಣ ಉಳಿದವರ ಹೇಳಿಕೆಗೆ ನಮೂನೆಯಲ್ಲಿ ಜಾಗವಿಲ್ಲವೆಂದ. ಇಳಿದು ಬರುವಾಗ ಹಿತ್ತಲಲ್ಲಿ ದೋಣಿ ಕಂಡಿತು. ಬಿಸಿಲಿಗೆ ಬೋರಲು ಬಿದ್ದು ಹಲಗೆಗಳು ಬಾಯಿ ಬಿಡುತ್ತಿದ್ದವು. ಹುಟ್ಟಣ್ಣ ಅದರ ಮೈ ಸವರಿ, “ಇನ್ನೊಂದು ತಿಂಗಳು ಹೀಗೇ ಬಿಟ್ರೆ ಇದು ಸೌದೆ” ಎಂದ. ಅದುವರೆಗೆ ಅವನ ಕಣ್ಣಲ್ಲಿ ನೀರು ಕಂಡವಳಲ್ಲ ನಾನು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನೋಟಿಸನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ, ದೋಣಿಯನ್ನು ನೀರಿಗೆ ಬಿಡಿ. ಬರುವ ಸೋಮವಾರದವರೆಗೆ ಕಾಯುತ್ತೇವೆ. ಅಂದು ಬೆಳಿಗ್ಗೆ ಹತ್ತಕ್ಕೆ ಅಕ್ಕನ ಹಳೆಯ ವಿದ್ಯಾರ್ಥಿಗಳು ತಮ್ಮ ಹಿತ್ತಲಿಗೆ ಬರುತ್ತಾರೆ. ದೋಣಿ ಹೊರಲು ಎಂಟು ಜನ ಸಾಕು. ಈವರೆಗೆ ನಲವತ್ತು ಜನ ಬರುತ್ತೇನೆಂದಿದ್ದಾರೆ. ಅವರಲ್ಲಿ ಒಬ್ಬ ತಮ್ಮ ಗುಮಾಸ್ತ.

ಇಂತಿ,
ಮುಳುಗದೆ ತಮ್ಮ ಕಡತಕ್ಕೆ ಕಿರುಕುಳ ಕೊಟ್ಟ ಇಬ್ಬರಲ್ಲಿ ಕಿರಿಯವಳು,
ವೃತ್ತಿಯಿಂದ ದರ್ಜಿ