ಎಪ್ಪತ್ತನಾಲ್ಕನೇ ಇಸವಿಯ ಸಾಲು

ಬಾಗಲಗುಂಟೆ
17 ನವೆಂಬರ್ 2025

ಪ್ರೀತಿಯ ಲಕ್ಷ್ಮಮ್ಮನಿಗೆ,

ಮಾಕಳಿಗೆ ಇಲ್ಲಿಂದ ಎಷ್ಟು ಮಹಾ ದೂರ. ಆದರೂ ಕಾಗದ ಬರೆಯುತ್ತಿದ್ದೇನೆ, ಎದುರು ಕೂತರೆ ನನ್ನ ಬಾಯಿ ಮತ್ತೆ ಕಟ್ಟಿಹೋಗುತ್ತದೆ. ಮೊದಲು ನೀನೊಬ್ಬಳೇ ಓದು.

ನಮ್ಮವರ ವೈಕುಂಠ ಸಮಾರಾಧನೆಯ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಕಿವಿಯಲ್ಲೇ ಇದೆ. "ದಿವ್ಯನ್ನ ಇಸ್ಕೂಲಿಗೆ ಕರ್ಕೊಂಡೋಗಿದ್ದೆ ಕಣೆ ವತ್ಸಲಮ್ಮ, ಬೋರ್ಡಲ್ಲಿ ನನ್ನ ಎಸ್ರು ತೋರ್ಸಾನ ಅಂತ. ಇಲ್ವೇ ಇಲ್ಲ! ಅಜ್ಜಿ, ರೀಲು ಬಿಡ್ಬೇಡ ಅಂತ ಬಿದ್ದೂ ಬಿದ್ದೂ ನಕ್ಳು ಮೊಮ್ಮಗ್ಳು. ನಂಗೇ ಮರೆವು ಬಂದೈತೋ ಏನೋ."

ನಾನು ಕಾಫಿ ಲೋಟ ಕೊಟ್ಟು, ವಯಸ್ಸಾಯಿತಲ್ಲ ನಮಗೂ ಅಂದೆ.

ನಿನಗೆ ಮರೆವು ಬಂದಿಲ್ಲ. ನಿನ್ನಪ್ಪ ಚಿಕ್ಕಬೈರಪ್ಪನವರು ರಾಗಿ ಹೊಲದ ಮೂಲೆ ಬಿಟ್ಟುಕೊಟ್ಟ ಆ ಶಾಲೆಯಲ್ಲಿ, 1974ರ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಮೊದಲು ಬಂದವಳು ನೀನೇ. ನಮ್ಮವರು ಎರಡನೆಯವರು. ಕಾರ್ಖಾನೆಯವರ ಮಕ್ಕಳನ್ನೆಲ್ಲ ಹಿಂದೆ ಹಾಕಿದವಳು ಅಂತ ಅವರೇ ಎಷ್ಟೋ ಸಲ ಹೇಳುತ್ತಿದ್ದರು.

2000ದಲ್ಲಿ ಶಾಲೆಗೆ ಐವತ್ತು ತುಂಬಿದಾಗ, ವರ್ಷವರ್ಷ ಮೊದಲು ಬಂದವರ ಹೆಸರಿನ ಆ ಮರದ ಬೋರ್ಡಿನ ಬಣ್ಣ ಹೋಗಿತ್ತು. ಕಾರ್ಖಾನೆಯ ಪೇಂಟ್ ಶಾಪಿನಲ್ಲಿದ್ದ ನಮ್ಮವರು ಹೊಸದಾಗಿ ಬರೆದುಕೊಡಲು ಮನೆಗೆ ತಂದರು. ನಾವಾಗ ನಿಮ್ಮ ವಠಾರದಲ್ಲೇ ಬಾಡಿಗೆಗಿದ್ದೆವಲ್ಲ, ನೀನು ಹಾಲು ಹಾಕಲು ಬಂದಾಗ ಅದು ಗೋಡೆಗೆ ಒರಗಿತ್ತು. ನಿನ್ನ ಹೆಸರಿನ ಜಾಗದಲ್ಲಿ ಅವರು ಕೆ. ವೆಂಕಟಸುಬ್ಬಯ್ಯ ಅಂತ ತಮ್ಮ ಹೆಸರನ್ನೇ ಬರೆದರು. ಎಷ್ಟು ಒಳ್ಳೆಯ ಕೈ ಅವರದು, ಆ ಒಂದು ಸಾಲು ಮಾತ್ರ ಸೊಟ್ಟಗಿದೆ. ಆಮೇಲೆ ಯಾರು ಕರೆದರೂ ಅವರು ಶಾಲೆಯ ಕಡೆ ಹೋಗಲಿಲ್ಲ.

ಈಗ ಶಾಲೆಗೆ ಎಪ್ಪತ್ತೈದು ತುಂಬಿದ ಸ್ಮರಣ ಸಂಚಿಕೆಯಲ್ಲಿ 'ನಮ್ಮ ಶಾಲೆಯ ಹೆಮ್ಮೆ' ಅಂತ ಎಂಟು ಪುಟ. ಒಬ್ಬ ಜಡ್ಜು, ಇಬ್ಬರು ಡಾಕ್ಟರು, ಒಬ್ಬ ಕಬಡ್ಡಿ ಆಟಗಾರ, ಜೊತೆಗೆ ನಮ್ಮವರು. ಹೆಡ್ಮಾಸ್ಟರ್ ಗುರುರಾಜ್ ಫೋಟೊ ಕೇಳಲು ಬಂದರು. ಹಾರ ತೆಗೆದು, ಗಂಧ ಒರೆಸಿ ಕೊಟ್ಟೆ. ನೀನು ಬಂದು ಹೋಗಿ ಹತ್ತು ದಿನವೂ ಆಗಿರಲಿಲ್ಲ.

ಮೊನ್ನೆ ಶಾಲೆಗೆ ಹೋಗಿ ಹೆಡ್ಮಾಸ್ಟರಿಗೆ ವಿಷಯ ಹೇಳಿದೆ. ಹಳೆಯ ಫಲಿತಾಂಶದ ಪುಸ್ತಕ ತೆಗೆಸಿದೆ. ನಿನ್ನ ಹೆಸರೇ ಮೊದಲಿದೆ.

"ಬುಕ್ ಪ್ರಿಂಟಾಗೋಗಿದೆ ಮೇಡಂ. ಹೋದೋರ ಹೆಸ್ರು ಈಗ್ಯಾಕೆ ಕೆಡಿಸ್ತೀರ?" ಅಂದರು.

ಬೋರ್ಡು ಪ್ರಿಂಟಾಗಿಲ್ಲವಲ್ಲ ಸಾರ್, ಅಂದೆ. ಪುಸ್ತಕ ಮುಚ್ಚಿಟ್ಟು, ಶನಿವಾರ ಬನ್ನಿ ಅಂದರು.

ಶನಿವಾರ ಹತ್ತು ಗಂಟೆಗೆ ಪೇಂಟರ್ ಕರಿಬಸಪ್ಪ ಬರುತ್ತಾನೆ, ನಮ್ಮವರ ಕೈಕೆಳಗೆ ಕಲಿತವನು. ದಿವ್ಯಾಳನ್ನು ಕರೆದುಕೊಂಡು ಬಾ, ಅವಳ ಕಣ್ಣೆದುರೇ ಬರೆಯಲಿ. ಭಾನುವಾರದ ಸಮಾರಂಭದಲ್ಲಿ ಮೈಕಿನ ಮುಂದೆ ಹೇಳುವ ಧೈರ್ಯ ನನಗಿಲ್ಲ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು.

ಅವರನ್ನು ಬಯ್ಯಬೇಡ.

ನಿನ್ನ ಮುಖ ನೋಡಲು ಹೆದರುತ್ತಿರುವ,
ವತ್ಸಲಾ

ಮಡಿಸಿದ ಮೇಲೆ ಬಿಚ್ಚಿ ಬರೆದದ್ದು: ಅವರು ಸೀಮೆಸುಣ್ಣದಲ್ಲಿ ನಿನ್ನ ಹೆಸರನ್ನೇ ಗುರುತು ಹಾಕಿಕೊಂಡಿದ್ದರು, ಲಕ್ಷ್ಮಮ್ಮ. ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ನಮ್ಮ ಆಕರ್ಷ್, ಅಪ್ಪಾ ನಿನ್ನ ಹೆಸ್ರೆಲ್ಲಿ ಅಂತ ಬೋರ್ಡೆಲ್ಲ ಹುಡುಕುತ್ತಿದ್ದ. "ಹಾಲು ಹಾಕೋಳ ಹೆಸ್ರು ಅಲ್ಲಿದ್ರೇನು ಬಿಟ್ರೇನು, ನಿಮ್ದು ಬರೀರಿ" ಅಂದವಳು ನಾನು. ಸೀಮೆಸುಣ್ಣ ಒರೆಸಿದ್ದೂ ನನ್ನ ಸೆರಗಿನಿಂದಲೇ.