ನಡೀರಿ

ಮಾರ್ಚ್ 6, ಬೆಳಿಗ್ಗೆ

ಚದುರಂಗದಲ್ಲಿ ನನ್ನನ್ನು ಸೋಲಿಸುವವರು ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಏಳನೇ ಕ್ಲಾಸಿನಲ್ಲೇ ಮೇಷ್ಟ್ರಿಗೆ ಮಣ್ಣು ಮುಕ್ಕಿಸಿದವನು. ಹೆಂಡತಿಗಂತೂ ಒಂದು ದಿನವೂ ಸೋತಿಲ್ಲ. ಅಲ್ಲ ಎನ್ನಲು ಈಗ ಅವಳಿಲ್ಲ. ಹೋಗಿ ಇವತ್ತಿಗೆ ಹದಿನೇಳು ದಿನ.

ಕೆಲಸಕ್ಕೆ ಹೊರಟಾಗ ಒಳಗಿಂದ "ನಡೀರಿ" ಎಂದಂತಾಯಿತು. ಕುಕ್ಕರ್ ಸದ್ದಿರಬೇಕು... ಒಲೆ ಹಚ್ಚಿಯೇ ಇರಲಿಲ್ಲ.

ಮಾರ್ಚ್ 7

ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೇಲ್ಸ್‌ಮ್ಯಾನ್ ನಾನು. ಶೂ ತೊಡಿಸಿ, ಲೇಸು ಬಿಗಿದು, "ಸ್ವಲ್ಪ ನಡೀರಿ ನೋಡೋಣ" ಎನ್ನಬೇಕು. ಇವತ್ತು ಬಾಯಿಂದ ಹೊರಡಲಿಲ್ಲ. ಗಿರಾಕಿ ಕೂತೇ ಇದ್ದ.

"ಏನ್ರೀ, ಅವರನ್ನ ಹಾಗೇ ಕೂರಿಸಿ ಫೋಟೋ ತೆಗೀತೀರಾ?" ಎಂದರು ಓನರ್.

"ಕೂತ ಕಾಲು ನೋಡೇ ಫಿಟ್ಟಿಂಗ್ ಹೇಳ್ತೀನಿ. ನಡೆಸಿ ನೋಡೋದೆಲ್ಲ ಕಲಿಯೋರಿಗೆ."

ಸಂಜೆಗೆ ಶೂ ವಾಪಸ್. ಹೆಬ್ಬೆರಳು ಕಚ್ಚುತ್ತಂತೆ.

ಮಾರ್ಚ್ 12

ಹೆಂಡತಿಯ ಅಣ್ಣನ ಮಗಳು ಬಂದಿದ್ದಳು. ನರ್ಸ್. ಸಾಕಿದ್ದು ನಾವೇ. ಕಡೆಯ ಆಟದ ಕಾಯಿಗಳು ಮೇಜಿನ ಮೇಲೆ ಹಾಗೇ ಇವೆ. ಧೂಳು ಒರೆಸಲು ಹೋದಳು.

"ಮುಟ್ಟಬೇಡ, ಗೆಲ್ತಾ ಇದೀನಿ."

"ಎಲ್ಲಿ ಗೆಲ್ತಿದ್ದೀರಾ? ನಿಮ್ಮ ರಾಜ ಮೂಲೆ ಸೇರಿದ್ದಾನೆ." ಆಮೇಲೆ ಮೆಲ್ಲಗೆ, "ಅತ್ತೆಗೆ ನೋವು ಶುರುವಾಗಿ ಎಷ್ಟೊತ್ತಿಗೆ ಹೊರಟ್ರಿ, ಮಾವ?"

"ಹತ್ತೇ ನಿಮಿಷ. ರಾಕೆಟ್ ಥರ."

"ತಡವಾಯ್ತು ಅಂದ್ರು ಡಾಕ್ಟರು. ನನಗೆ ಫೋನ್ ಮಾಡ್ತಾ ಕೂತಿದ್ರಿ ಅಲ್ವಾ? ನಾನು ಆಫ್ ಮಾಡಿದ್ದೆ... ನನಗೆ ನೋವಾಗಬಾರದು ಅಂತ ಹತ್ತು ನಿಮಿಷ ಅಂತೀರಾ."

ಅತ್ತಳು. ಕುಡಿಯಲು ನೀರು ಕೊಟ್ಟೆ, ಅಷ್ಟೇ.

ಮಾರ್ಚ್ 19

ಹುಡುಗಿಯ ಅಪ್ಪನ ಫೋನ್. ಡ್ಯೂಟಿಗೆ ಹೋಗುತ್ತಿಲ್ಲವಂತೆ, ಊಟ ಬಿಟ್ಟಿದ್ದಾಳಂತೆ. "ನೀವಾದ್ರೂ ಹೇಳಿ ಭಾವ, ನಿಮ್ಮ ಮಾತು ಕೇಳ್ತಾಳೆ."

ಬಸ್ಸಿನಲ್ಲಿ ಕಂಡಕ್ಟರು "ಒಳಗೆ ನಡೀರಿ, ನಡೀರಿ" ಎಂದ. ಹೆಂಡತಿಯದೇ ದನಿ. ಇಳಿದುಬಿಟ್ಟೆ.

ಮಾರ್ಚ್ 20, ಮಧ್ಯಾಹ್ನ

ರಜೆ ಹಾಕಿದೆ. ಹುಡುಗಿಯನ್ನು ಸಂಜೆ ಬರಹೇಳಿದ್ದೇನೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಆ ಭಾನುವಾರ ಸೋಲುತ್ತಿದ್ದೆ. ಬೇಕೆಂದೇ ಕುದುರೆ ಕಾಯಿ ಎತ್ತದೆ ಸತಾಯಿಸುತ್ತಿದ್ದೆ. "ನಡೀರಿ" ಎಂದಳು. ಆಟ ಆಡಿ ಎನ್ನಲು ಯಾವಾಗಲೂ ಹಾಗೇ ಅನ್ನುತ್ತಿದ್ದಳು. "ಅವಸರ ಯಾಕೆ, ಗೆಲ್ಲೋಳು ನೀನಲ್ಲ" ಎಂದೆ. ಎಷ್ಟೋ ಹೊತ್ತಿನ ಮೇಲೆ ಮತ್ತೆ, "ನಡೀರಿ." ತಲೆ ಎತ್ತಲಿಲ್ಲ. ಮೂರನೇ ಸಲಕ್ಕೆ ನೋಡಿದೆ. ಕೈ ಎದೆಯ ಮೇಲಿತ್ತು. ಆಸ್ಪತ್ರೆಗೆ ಕರೆಯುತ್ತಿದ್ದಳು.

ನಿನಗೆ ಫೋನ್ ಮಾಡಿದ್ದು ಆಮೇಲೆ, ಒಂದೇ ಸಲ. ಅಷ್ಟರಲ್ಲಿ ಆಟೋ ಸಿಕ್ಕಿತ್ತು. ತಡ ಮಾಡಿದ್ದು ನೀನಲ್ಲ, ಮಗಳೇ.

ಗೋಡೆ ಗಡಿಯಾರ ನನ್ನೆದುರಿಗೇ ಇತ್ತು. ಹತ್ತು ನಿಮಿಷವಲ್ಲ. ಇಪ್ಪತ್ತೂ ಅಲ್ಲ. ನಲವತ್ತೆರಡು. ನಲವತ್ತೆರಡು ನಿಮಿಷ ನಾನು ಆ ಕುದುರೆಯನ್ನೇ ನೋಡುತ್ತಾ—