ಸಂಜೆಯ ಗಂಟೆಗೆ ತಪ್ಪದೆ ಹಾಜರಾಗುವ ಮೊಸಳೆಯ ಕುರಿತು

ಮಾನ್ಯ ನದಿತೀರ ಸುರಕ್ಷತಾಧಿಕಾರಿಗಳೇ,

ನಮ್ಮೆಲ್ಲರ ಸುರಕ್ಷತೆಗಾಗಿ ತಾವು ನದಿಯ ಮೆಟ್ಟಿಲ ಬಳಿ ತೂಗುಹಾಕಿಸಿರುವ ಆ ಗಂಟೆಯನ್ನು ದಯವಿಟ್ಟು ಬಿಚ್ಚಿಸಿಬಿಡಿ. ಅದು ಕೆಲಸ ಮಾಡುತ್ತಿಲ್ಲ ಎಂಬ ದೂರು ಯಾರದ್ದೂ ಇಲ್ಲ. ಅದನ್ನು ಬಾರಿಸಿದ ಕೂಡಲೇ ನಾವು ಬರುತ್ತಿದ್ದೆವು, ಮೊಸಳೆಯೂ ಬರುತ್ತಿತ್ತು. ನಾವಾದರೂ ನೆಗಡಿ, ನೆಂಟರು ಎಂದು ಆಗಾಗ ತಪ್ಪಿಸಿಕೊಳ್ಳುತ್ತಿದ್ದುದುಂಟು. ಮೊಸಳೆ ಈವರೆಗೆ ಒಂದು ದಿನವೂ ರಜೆ ಹಾಕಿದ್ದಿಲ್ಲ. ನಿಮ್ಮ ಕಚೇರಿಯಲ್ಲಿ ಇಂಥ ಹಾಜರಾತಿ ಯಾರದ್ದಾದರೂ ಇದೆಯೇ?

ನಾನು ಹೊಲಿಗೆಯವಳು. ನನಗೆ ಈಜು ಬರುವುದಿಲ್ಲ. ತುಂಬಿದ ಬಕೆಟ್ಟಿಗೂ ದೂರದಿಂದಲೇ ನಮಸ್ಕಾರ. ಹಾಗಿದ್ದ ಮೇಲೆ ನದಿಯ ವಿಷಯದಲ್ಲಿ ಇವಳೇಕೆ ಮೂಗು ತೂರಿಸುತ್ತಾಳೆ ಎಂದು ತಾವು ಕೇಳಬಹುದು. ನನಗೊಬ್ಬರು ಅತ್ತೆ ಇದ್ದಾರೆ. ನೆಲದ ಮೇಲೆ ಅವರ ಮಂಡಿಗಳು ಅವರ ಮಾತು ಕೇಳುವುದಿಲ್ಲ. ಕೂತರೆ ಏಳಲಾರರು, ಎದ್ದರೆ ಕೂರಲಾರರು. ಅಡುಗೆಮನೆಯಿಂದ ಹೊರಬಾಗಿಲಿಗೆ ಬರುವಷ್ಟರಲ್ಲಿ ಗೋಡೆ, ಮೇಜು, ನನ್ನ ಹೊಲಿಗೆ ಯಂತ್ರ, ನನ್ನ ಭುಜ ಎಲ್ಲವನ್ನೂ ಹಿಡಿದು ಬಿಟ್ಟಾಗಿರುತ್ತದೆ. ನೀರಿನಲ್ಲಿ ನಡೆದಾಡಿ, ಈಜಾಡಿ ಎಂದು ಡಾಕ್ಟರು ಹೇಳಿದರು. ಮೊದಲ ದಿನ ನದಿಯ ಎದೆಮಟ್ಟದ ನೀರಿನಲ್ಲಿ ನಾಲ್ಕು ಹೆಜ್ಜೆ ಹಾಕಿದವರು ಥಟ್ಟನೆ ನಿಂತು ನನ್ನನ್ನು ಕೂಗಿದರು: "ಲೇ, ನೋವೇ ಇಲ್ಲ ಕಣೇ! ಎಲ್ಲೋಯ್ತು ಅದು?"

ಅಂದೇ ಈಜುಡುಗೆಗೆ ಅಳತೆ ಕೊಟ್ಟರು. ಜೇಬು ಬೇಕೆಂದರು. "ಈಜೋವಾಗ ಜೇಬು ಯಾಕತ್ತೆ?" ಎಂದರೆ, "ಜೇಬಿಲ್ದೆ ಮನೆಯಿಂದ ಹೊರಗೆ ಹೋಗೋದು ಹೇಗೆ?" ಎಂದು ನನ್ನನ್ನೇ ಕೇಳಿದರು. ಹಳೆಯ ಕೊಡೆಯ ಬಟ್ಟೆಯಲ್ಲಿ ಹೊಲಿದುಕೊಟ್ಟೆ, ಎರಡು ಜೇಬಿನ ಸಮೇತ. ನೀರಿಗಿಳಿದಾಗ ಜೇಬುಗಳಲ್ಲಿ ಗಾಳಿ ತುಂಬಿ ಸೊಂಟದ ಎರಡೂ ಬದಿ ಪೂರಿಯಂತೆ ಉಬ್ಬಿದವು. ಅತ್ತೆ ತೇಲುತ್ತಾ ಹಾಡು ಶುರುಮಾಡಿದರು. ನಾನು ದಡದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ, ಮಾನ್ಯರೇ.

ಆಗಿನ್ನೂ ತಮ್ಮ ವ್ಯವಸ್ಥೆ ಬಂದಿರಲಿಲ್ಲ. ಒಬ್ಬರು ಬೆಳಗ್ಗೆ ಅಲ್ಲಿ, ಇನ್ನೊಬ್ಬರು ಮಧ್ಯಾಹ್ನ ಇಲ್ಲಿ, ಮನಸ್ಸಿಗೆ ಬಂದಲ್ಲಿ ಇಳಿಯುತ್ತಿದ್ದೆವು. ಅದೇನೂ ಬುದ್ಧಿವಂತಿಕೆಯಲ್ಲ, ಒಪ್ಪುತ್ತೇನೆ. ಆದರೆ ನಮ್ಮನ್ನು ಹುಡುಕಲು ಮೊಸಳೆಯೂ ಒಂದಿಷ್ಟು ತಲೆ ಕೆಡಿಸಿಕೊಳ್ಳಬೇಕಿತ್ತು. ಆಮೇಲೆ ತಮ್ಮ ಆದೇಶ ಬಂತು. ಎಲ್ಲರೂ ಹೊಸ ಮೆಟ್ಟಿಲಿನಲ್ಲೇ ಇಳಿಯತಕ್ಕದ್ದು. ಸಂಜೆ ಬೆಳಕು ಮಾಸುವ ಆ ಒಂದೇ ಹೊತ್ತಿನಲ್ಲಿ ಇಳಿಯತಕ್ಕದ್ದು. ಗಂಟೆ ಬಾರಿಸಿದ ನಂತರ ಒಟ್ಟಾಗಿ ಇಳಿಯತಕ್ಕದ್ದು. ಮೀನು ಹಿಡಿಯುವವರ ಅನುಕೂಲಕ್ಕೆಂದು ಕೊನೆಯ ಮೆಟ್ಟಿಲ ಪಕ್ಕದಲ್ಲೇ ಮೀನು ಸೀಳಲು ಹೊಳೆಯುವ ಕಲ್ಲಿನ ಕಟ್ಟೆ, ಅದಕ್ಕೊಂದು ನಲ್ಲಿ, ತೊಳೆದದ್ದೆಲ್ಲ ನೇರ ನದಿಗೆ ಬೀಳುವಂತೆ ಒಂದು ಮೋರಿ! ದಿನವೂ ಅದೇ ಹೊತ್ತಿಗೆ ಗಂಟೆ ಬಾರಿಸಿ, ನೀರಿಗೆ ಮೀನಿನ ಕರುಳು ಬಿಟ್ಟು, ಮಬ್ಬುಗತ್ತಲಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದಿರಿ. ಊಟಕ್ಕೆ ಕರೆಯುವುದೆಂದರೆ ಇನ್ನೇನು ಸ್ವಾಮಿ? ತಟ್ಟೆ ಇಡುವುದೊಂದು ಬಾಕಿ ಇತ್ತು.

ನನ್ನ ಮೈದುನನನ್ನು ಊರೆಲ್ಲ ಗಾಳದಣ್ಣ ಎಂದೇ ಕರೆಯುತ್ತದೆ. ಅವನು ಮಂಡಿಯುದ್ದ ನೀರಿನಲ್ಲಿ ನಿಂತು ಗಾಳ ಹಾಕುವವನು. ಸಿಕ್ಕ ಮೀನುಗಳನ್ನು ದಾರಕ್ಕೆ ಪೋಣಿಸಿ, ಆ ದಾರವನ್ನು ಚಡ್ಡಿಯ ಸೊಂಟಕ್ಕೆ ಕಟ್ಟಿಕೊಂಡು, ಮೀನು ನೀರಿನಲ್ಲೇ ತಾಜಾ ಇರಲಿ ಎಂದು ಬಿಡುವವನು. ಆ ಸಂಜೆ ಗಂಟೆಯಾಯಿತು. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂತು ಇಳಿಯುವ ಮೊದಲು ಕೂದಲು ಗಂಟುಹಾಕುತ್ತಿದ್ದರು. ಇದ್ದಕ್ಕಿದ್ದಂತೆ ನೀರು ಬಾಯಿ ತೆರೆಯಿತು. ಮೈದುನ ಅಂಗಾತ ಬಿದ್ದ. ಮೀನಿನ ಸರ ಒಳಕ್ಕೆ ಹೋಯಿತು, ಸರದ ಹಿಂದೆ ಚಡ್ಡಿ ಹೋಯಿತು, ಮೈದುನ ಮಾತ್ರ ಮೇಲುಳಿದ. ಕಾರಣ ಹೇಳುತ್ತೇನೆ. ಆ ಚಡ್ಡಿ ಹೊಲಿದವಳು ನಾನು. ಲಾಡಿ ಮುಗಿದಿತ್ತೆಂದು ಎಲಾಸ್ಟಿಕ್ ಹಾಕಿದ್ದೆ, ಅದೂ ಸ್ವಲ್ಪ ಸಡಿಲ. "ನೆಟ್ಟಗೆ ನಿಲ್ಲಲ್ಲ ಅತ್ತಿಗೆ" ಎಂದು ವಾರವಿಡೀ ಗೊಣಗಿದ್ದ. ನೆಟ್ಟಗೆ ನಿಂತಿದ್ದರೆ ಅದರ ಜೊತೆ ಅವನೂ ಹೋಗುತ್ತಿದ್ದ.

"ಅತ್ತಿಗೇ, ಟವಲ್! ಟವಲ್ ಎಸೀರಿ!" ಎಂದು ನೀರಿನಲ್ಲೇ ನಿಂತು ಕಿರುಚುತ್ತಿದ್ದ ಪುಣ್ಯಾತ್ಮ. ಅತ್ತೆ ಮೇಲಿನಿಂದ ಗದರಿದರು: "ಮೊದ್ಲು ಮೇಲೆ ಬಾರೋ! ಮಾನ ಆಮೇಲೆ ನೋಡ್ಕೊಳ್ಳೋಣ!"

ಮನೆಗೆ ಬಂದು ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ಇದ್ದ ಮೈದುನ ಹಠಾತ್ತನೆ ಅಳಲು ಶುರುಮಾಡಿದ. ಅತ್ತೆ ಅವನ ಬೆನ್ನು ಸವರುತ್ತಾ ಕೂತರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಅವನ ಪಕ್ಕದಲ್ಲೇ ಅವರು ತೇಲುತ್ತಿರುತ್ತಿದ್ದರು ಎಂಬುದು ಆಗ ನನಗೆ ಹೊಳೆಯಿತು.

ತಮಗೆ ದೂರು ಕೊಟ್ಟೆವು. ತಾವು ಉತ್ತರ ಕಳಿಸಿದಿರಿ: "ನಿಗದಿತ ಸಮಯದಲ್ಲಿ, ನಿಗದಿತ ಮೆಟ್ಟಿಲಿನಲ್ಲಿ, ಗಂಟೆಯ ನಂತರವೇ ಇಳಿಯುವುದು. ಶಿಸ್ತೇ ಸುರಕ್ಷತೆ." ಇದನ್ನು ಓದಿದ ಅತ್ತೆ, "ನಡಿ, ಒಂದು ನೋಡೇಬಿಡೋಣ" ಎಂದು ಕೋಲು ಹಿಡಿದು ಹೊರಟರು. ನಡುಮಧ್ಯಾಹ್ನ. ನೀರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇದ್ದಬದ್ದವರನ್ನೆಲ್ಲ ಮೇಲಿನ ಕಂಬಿಯ ಹಿಂದೆ ನಿಲ್ಲಿಸಿ ಅತ್ತೆ ಗಂಟೆ ಎಳೆದರು. ನದಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಎರಡು ಕಣ್ಣು, ಒಂದು ಮೂಗು ಎದ್ದು, ಅವಸರವೇ ಇಲ್ಲದೆ ಬಂದು, ಅಳತೆಗೆ ಬಂದ ಗಿರಾಕಿಯ ಹಾಗೆ ಮೀನಿನ ಕಟ್ಟೆಗೆ ಒತ್ತಿಕೊಂಡು ನಿಂತವು. ಕಂಬಿಯ ಹಿಂದೆ ಚಪ್ಪಾಳೆ, ಶಿಳ್ಳೆ! ತಮ್ಮ ಕಾವಲುಗಾರ ಮಾತ್ರ ಕೈಮುಗಿದ: "ಅಜ್ಜಿ, ಇನ್ನೊಂದ್ಸಲ ಬಾರಿಸ್ಬೇಡಿ. ಅದು ಮೇಲೆ ಬಂದ್ರೆ ನನ್ ಕೈಲಿರೋದು ಬರೀ ಸೀಟಿ."

ಮರುದಿನ ತಮ್ಮ ಕಚೇರಿಯಿಂದ ನೋಟಿಸ್ ಬಂತು. ಮೊಸಳೆಗಲ್ಲ, ಅತ್ತೆಗೆ. ಅನಧಿಕೃತವಾಗಿ ಗಂಟೆ ಬಾರಿಸಿದ ಆರೋಪ. ಅದರ ಬೆನ್ನಿಗೇ ಇನ್ನೊಂದು ಆದೇಶ: ಸಾರ್ವಜನಿಕರಿಗೆ ಇನ್ನು ನದಿಯೇ ಬಂದ್. ಕೈತೊಳೆದುಕೊಳ್ಳಲು ತಮಗೆ ನದಿಯ ನೀರೇ ಬೇಕಾಯಿತೇ? ಆ ದಿನದಿಂದ ಅತ್ತೆ ಕುರ್ಚಿಯಲ್ಲಿದ್ದಾರೆ. ಹಾಡಿಲ್ಲ. ಹೊಲಿಗೆ ಯಂತ್ರದವರೆಗೆ ಬರಲೂ ಈಗ ಇಬ್ಬರು ಹಿಡಿಯಬೇಕು. ನನಗೆ ನಿಜಕ್ಕೂ ಸಂಕಟವಾಗುತ್ತದೆ, ಮಾನ್ಯರೇ. ತಮಾಷೆ ಮಾಡುತ್ತಿರುವುದು ಅದಕ್ಕೇ.

ಮೊಸಳೆಯ ಮೇಲೆ ನನಗೆ ಕೋಪವಿಲ್ಲ, ಅದನ್ನು ಹಿಡಿದು ಸಾಗಿಸಿ ಎಂದೂ ಕೇಳುವುದಿಲ್ಲ. ನದಿ ಅದರದ್ದು, ನಾವು ಹೋಗಿಬರುವವರು. ಅದಕ್ಕೇ ಮೆಟ್ಟಿಲ ಸುತ್ತ, ನದಿಯ ತಳದಿಂದ ನೆರೆಯ ಮಟ್ಟಕ್ಕೂ ಮೇಲೆ ಬರುವಂತೆ, ಗಟ್ಟಿ ಕಬ್ಬಿಣದ ಸರಳುಗಳ ಬೇಲಿ ಹಾಕಿಸಿ. ಅದು ನೆಟ್ಟಗಿದೆಯೇ, ಎಲ್ಲಾದರೂ ಸಂದು ಬಿಟ್ಟಿದೆಯೇ ಎಂದು ದಿನವೂ ನೋಡಿಸಿ, ನೆರೆ ಇಳಿದ ಮೇಲಂತೂ ನೋಡದೆ ಯಾರನ್ನೂ ಇಳಿಸಬೇಡಿ. ಈಜು ಹಾಡಹಗಲಲ್ಲಿ ಇರಲಿ. ಮೀನಿನ ಕಟ್ಟೆ ದಡದಿಂದ ದೂರ ಹೋಗಲಿ, ಕರುಳು ಗುಂಡಿಗೆ ಬೀಳಲಿ. ಗಾಳ ಹಾಕುವವರು ನೀರಂಚಿನಿಂದ ಹಿಂದೆ, ಒಣನೆಲದಲ್ಲಿ ನಿಲ್ಲಲಿ, ದಿನಕ್ಕೊಂದು ಜಾಗ ಬದಲಿಸಲಿ. ಮೀನು ಬುಟ್ಟಿಯಲ್ಲಿರಲಿ, ಸೊಂಟದಲ್ಲಿ ಬೇಡ. ಮೈದುನನಿಗೆ ಇದನ್ನು ನಾನೇ ಹೇಳಿಯಾಗಿದೆ, ಕಿವಿ ಹಿಂಡಿ.

ಬೇಲಿ ಏಳುವವರೆಗೆ ಏನು ಎಂಬ ಪ್ರಶ್ನೆಗೆ ಅತ್ತೆಯೇ ಉತ್ತರ ಹುಡುಕಿದ್ದಾರೆ. ನೋಟಿಸಿಗೆ ವಿವರಣೆ ಕೊಡಲು ಬಂದಾಗ ತಮ್ಮ ಕಚೇರಿಯ ಮುಂದಿನ ಕಾರಂಜಿ ಕೊಳವನ್ನು ಕಂಡರು. ಕಟ್ಟೆಯ ಮೇಲೆ ಕೂತು ಕೋಲು ಇಳಿಬಿಟ್ಟು ಆಳ ನೋಡಿದರು. "ಎದೆಮಟ್ಟ ಇದೆ ಕಣೇ. ನೀರು ತಿಳಿ, ಒಳಗೆ ಯಾರೂ ಇಲ್ಲ. ಮೇಲೆ ಇಷ್ಟೊಂದು ಜನ ಕೆಲಸ ಇಲ್ದೆ ನಿಂತಿದಾರೆ, ಕಾವಲಿಗೂ ಆಯ್ತು" ಎಂದರು. ಸೋಮವಾರ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಅವರು ಆ ಕೊಳದಲ್ಲಿರುತ್ತಾರೆ. ಮಂಗಳವಾರವೂ ಇರುತ್ತಾರೆ. ದಿನಕ್ಕೊಂದು ತಾಸು ನೋವಿಲ್ಲದೆ ನಡೆಯುವುದು ನಮ್ಮತ್ತೆಯ ಪಾಲಿನದು. ಅದನ್ನು ನಾನು ಮೊಸಳೆಗೂ ಬಿಟ್ಟುಕೊಡುವುದಿಲ್ಲ, ತಮಗೂ ಬಿಟ್ಟುಕೊಡುವುದಿಲ್ಲ.

ಇಂತಿ,
ತಮ್ಮ ಕೊಳದ ಕಟ್ಟೆಯ ಮೇಲೆ ಒಣಬಟ್ಟೆ ಹಿಡಿದು ನಿಂತಿರಲಿರುವ,
ಆರೋಪಿಯ ಸೊಸೆ